ಪರರ ಲಾಯದಲ್ಲಿಟ್ಟ ಕುದುರೆ: ಒಡೆಯನಿಗೂ ಲಾಯದವನಿಗೂ ಹುಟ್ಟುವ ವ್ಯಾಜ್ಯಗಳು

೧. ವಿಷಯಪ್ರವೇಶ

ತನ್ನ ಪಶುವನ್ನು ತನ್ನ ಮನೆಯಲ್ಲಿಯೇ ಕಟ್ಟಿ ಸಾಕುವವನಿಗೆ ವ್ಯಾಜ್ಯದ ಭಯವು ಕಡಮೆ. ಪರರ ಸ್ಥಳದಲ್ಲಿ, ಪರರ ಕೈಯಿಂದ ಮೇವು ನೀರು ಹಾಕಿಸಿ ಸಾಕಿಸುವವನಿಗಾದರೋ ಈ ಭಯವು ಯಾವಾಗಲೂ ಇದ್ದೇ ಇರುವುದು. ಇಂಗ್ಲೆಂಡು ದೇಶದಲ್ಲಿ ಸ್ವಂತ ಜಮೀನಿಲ್ಲದ ಅನೇಕರು ಕುದುರೆಗಳನ್ನು ಸಾಕುತ್ತಾರೆ. ಅಲ್ಲಿಯ ಭೂಮಾಲೀಕರೂ ರೈತರೂ ತಮ್ಮ ಕೊಟ್ಟಿಗೆಗಳನ್ನೂ ಹುಲ್ಲುಗಾವಲುಗಳನ್ನೂ ಇಂಥವರಿಗೆ ಬಾಡಿಗೆಗೆ ಕೊಟ್ಟು ವರಮಾನ ಪಡೆಯುವುದುಂಟು. ಇಂತಹ ಬಾಡಿಗೆ ಲಾಯಗಳಿಗೆ ಆ ದೇಶದಲ್ಲಿ ಲಿವರಿ ಯಾರ್ಡ್ ಎಂದು ಹೆಸರು. ಒಡೆಯನಿಗೂ ಲಾಯದವನಿಗೂ ಅಲ್ಲಿ ಹುಟ್ಟುವ ವಿವಾದಗಳು ಯಾವುವು, ಅವುಗಳ ವಿಚಾರದಲ್ಲಿ ಆ ದೇಶದ ನ್ಯಾಯವೂ ನಮ್ಮ ದೇಶದ ಕಾನೂನೂ ಏನು ಹೇಳುತ್ತವೆ, ಗ್ರಾಮದ ಮುಖಂಡರು ಇದರಿಂದ ತಿಳಿಯತಕ್ಕದ್ದೇನು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗುವುದು.

೨. ಲಾಯದ ಏರ್ಪಾಡಿನ ಬಗೆಗಳು

ಈ ಏರ್ಪಾಡುಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದರಲ್ಲಿ ಮೇವು, ನೀರು, ಮೈಉಜ್ಜುವಿಕೆ, ಲಾಯದ ಶುಚಿ ಎಲ್ಲವೂ ಲಾಯದವನ ಹೊಣೆ. ಎರಡನೆಯದರಲ್ಲಿ ಕೆಲಸವನ್ನು ಇಬ್ಬರೂ ಹಂಚಿಕೊಳ್ಳುವರು. ಮೂರನೆಯದರಲ್ಲಿ ಲಾಯದವನು ಸ್ಥಳವನ್ನು ಮಾತ್ರ ಕೊಡುವನು. ಉಳಿದುದೆಲ್ಲವೂ ಕುದುರೆಯ ಒಡೆಯನ ಕೆಲಸ. ಇವಲ್ಲದೆ, ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಸವಾರಿ ಕಲಿಯುವವರಿಗೆ ಆ ಕುದುರೆಯನ್ನು ಉಪಯೋಗಿಸುವ ಪದ್ಧತಿಯೂ ಇದೆ.

ವ್ಯಾಜ್ಯವು ಸಾಮಾನ್ಯವಾಗಿ ಹುಟ್ಟುವುದು ಎರಡನೆಯ ಬಗೆಯಲ್ಲಿ. ಸಂಜೆಯ ನೀರನ್ನು ಇವನು ಕೊಟ್ಟಿರುವನೆಂದು ಅವನೂ, ಅವನು ಕೊಟ್ಟಿರುವನೆಂದು ಇವನೂ ತಿಳಿದಿರುವಾಗ, ಕುದುರೆಯು ನೀರಿಲ್ಲದೆ ರಾತ್ರಿಯನ್ನು ಕಳೆಯುವುದು. ಮಾರನೆಯ ದಿನ ಹೊಟ್ಟೆಶೂಲೆಯಿಂದ ಅದು ನೆಲಕ್ಕುರುಳಿದ ಮೇಲೆ, ಹೊಣೆ ಯಾರದೆಂಬ ವಾದವು ಪ್ರಾರಂಭವಾಗುವುದು.

೩. ವ್ಯಾಜ್ಯದ ಕಾರಣಗಳು

ಲಾಯದವನ ಮೇಲೆ ಬರುವ ದೂರುಗಳು ಇವು: ಮೇವನ್ನು ಕಡಮೆ ಹಾಕುವುದು ಇಲ್ಲವೆ ಬೂಷ್ಟು ಹಿಡಿದ ಹುಲ್ಲನ್ನು ಹಾಕುವುದು, ಮುರಿದ ಬೇಲಿಯನ್ನು ಸರಿಪಡಿಸದಿರುವುದು, ಮುನ್ಸೂಚನೆಯಿಲ್ಲದೆ ಬಾಡಿಗೆ ಏರಿಸುವುದು, ಒಡೆಯನ ಅನುಮತಿಯಿಲ್ಲದೆ ಕುದುರೆಯನ್ನು ಇತರರ ಸವಾರಿಗೆ ಕೊಡುವುದು, ಮಾತು ಬೆಳೆದಾಗ ಬಾಗಿಲಿಗೆ ಬೀಗ ಹಾಕಿ ಒಡೆಯನನ್ನೇ ಒಳಗೆ ಬಿಡದಿರುವುದು.

ಒಡೆಯನ ಮೇಲೆ ಬರುವ ದೂರುಗಳೂ ಕಡಮೆಯಲ್ಲ: ತಿಂಗಳುಗಟ್ಟಲೆ ಹಣ ಕೊಡದಿರುವುದು; ಒದೆಯುವ, ಕಚ್ಚುವ ಕುದುರೆಯ ದುರ್ಗುಣವನ್ನು ಮುಚ್ಚಿಟ್ಟು ತಂದು ಕಟ್ಟುವುದು; ಅಂಟುಜಾಡ್ಯವಿರುವ ಪಶುವನ್ನು ತಂದು ಇತರ ಪಶುಗಳ ಜೊತೆಗೆ ಸೇರಿಸುವುದು; ಕೊನೆಗೆ ಕುದುರೆಯನ್ನು ಅಲ್ಲಿಯೇ ಬಿಟ್ಟು ಕಾಣದಂತಾಗುವುದು.

೪. ಬಾಕಿಗಾಗಿ ಕುದುರೆಯನ್ನು ತಡೆಹಿಡಿಯಬಹುದೆ?

ಇದು ಈ ವ್ಯಾಜ್ಯಗಳಲ್ಲೆಲ್ಲ ಮುಖ್ಯವಾದ ಪ್ರಶ್ನೆ. ಇಂಗ್ಲೆಂಡಿನ ನ್ಯಾಯಸ್ಥಾನಗಳು ಇದನ್ನು ಬಹಳ ಹಿಂದೆಯೇ ತೀರ್ಮಾನಿಸಿವೆ. ೧೮೨೮ರ ಒಂದು ವ್ಯಾಜ್ಯದಲ್ಲಿ, ಕುದುರೆಗೆ ಓಟದ ಶಿಕ್ಷಣ ಕೊಟ್ಟವನಿಗೆ ತನ್ನ ಕೂಲಿ ಬರುವವರೆಗೆ ಅದನ್ನು ಇಟ್ಟುಕೊಳ್ಳುವ ಹಕ್ಕುಂಟೆಂದಾಯಿತು. ೧೮೩೩ರಲ್ಲಿ, ಕೇವಲ ಲಾಯದಲ್ಲಿ ಕಟ್ಟಿ ಮೇವು ಹಾಕಿದವನಿಗೆ ಆ ಹಕ್ಕಿಲ್ಲವೆಂದೂ, ೧೮೩೯ರಲ್ಲಿ ದನಗಳನ್ನು ಹುಲ್ಲುಗಾವಲಿನಲ್ಲಿ ಮೇಯಿಸಿದವನಿಗೂ ಅದು ಇಲ್ಲವೆಂದೂ ತೀರ್ಪಾಯಿತು. ಶಿಕ್ಷಕನು ತನ್ನ ಕೌಶಲದಿಂದ ಕುದುರೆಯ ಬೆಲೆಯನ್ನು ಹೆಚ್ಚಿಸಿದನು. ಮೇವು ಹಾಕಿದವನಾದರೋ ಅದನ್ನು ಇದ್ದಂತೆಯೇ ಉಳಿಸಿದನು. ಅಲ್ಲದೆ, ಲಾಯದಲ್ಲಿರುವ ಕುದುರೆಯನ್ನು ಒಡೆಯನು ಬೇಕಾದಾಗ ಹೊರಕ್ಕೆ ಒಯ್ಯುವನು. ಇದೇ ಆ ಭೇದಕ್ಕೆ ಕಾರಣ.

ಆದುದರಿಂದ ಅಲ್ಲಿಯ ಲಾಯದವರು ತಡೆಹಿಡಿಯುವ ಹಕ್ಕನ್ನು ಕರಾರಿನಲ್ಲಿಯೇ ಬರೆಯಿಸಿಕೊಳ್ಳುವುದುಂಟು. ಒಡೆಯನು ಬಿಟ್ಟುಹೋದ ಪಶುವನ್ನು ಮಾರಬೇಕಾದರೆ, ೧೯೭೭ರ ಕಾಯಿದೆಯ ಮೇರೆಗೆ ಬರೆವಣಿಗೆಯಲ್ಲಿ ನೋಟೀಸು ಕೊಡತಕ್ಕದ್ದು. ಬಾಕಿಯಿರುವಾಗ ಈ ನೋಟೀಸಿನ ಅವಧಿಯು ಮೂರು ತಿಂಗಳಿಗೆ ಕಡಮೆಯಿರಕೂಡದು. ಮಾರಿ ಬಂದ ಹಣದಲ್ಲಿ ತನ್ನ ಬಾಕಿಯನ್ನೂ ಖರ್ಚನ್ನೂ ಕಳೆದು, ಉಳಿದುದಕ್ಕೆ ಒಡೆಯನಿಗೆ ಲೆಕ್ಕವೊಪ್ಪಿಸಬೇಕು.

೫. ನಮ್ಮ ದೇಶದ ಕಾನೂನು

ನಮ್ಮಲ್ಲಿ ೧೮೭೨ರ ಕರಾರು ಕಾಯಿದೆಯು ಈ ಸಂಬಂಧವನ್ನು ನಿಕ್ಷೇಪವೆಂದು, ಎಂದರೆ ಮರಳಿ ಕೊಡಬೇಕೆಂಬ ಒಪ್ಪಂದದ ಮೇಲೆ ವಸ್ತುವನ್ನು ಒಪ್ಪಿಸುವುದೆಂದು, ಎಣಿಸುತ್ತದೆ. ಈ ಕಾಯಿದೆಯ ನಿದರ್ಶನಗಳಲ್ಲಿ ಕುದುರೆ ಹಸುಗಳೇ ಅನೇಕವೆಂಬುದು ಗಮನಾರ್ಹ.

೧೫೦ನೆಯ ಕಲಮು: ಕುದುರೆಯು ದುಷ್ಟವಾದುದೆಂದು ತಿಳಿದೂ ಹೇಳದೆ ಕೊಟ್ಟವನು, ಅದರಿಂದ ಪಡೆದವನಿಗಾದ ನಷ್ಟಕ್ಕೆ ಹೊಣೆ.

೧೫೧ನೆಯ ಕಲಮು: ವಶಕ್ಕೆ ಪಡೆದವನು, ಸಾಮಾನ್ಯ ವಿವೇಕಿಯು ತನ್ನ ಸ್ವಂತ ವಸ್ತುವಿನಲ್ಲಿಡುವಷ್ಟು ಎಚ್ಚರವನ್ನು ಇಡತಕ್ಕದ್ದು. ಇಷ್ಟನ್ನು ಇಟ್ಟ ಮೇಲೂ ಕೇಡಾದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಅವನು ಹೊಣೆಯಲ್ಲವೆಂದು ೧೫೨ನೆಯ ಕಲಮು ಹೇಳುತ್ತದೆ.

೧೫೪ನೆಯ ಕಲಮು: ಒಪ್ಪಂದಕ್ಕೆ ಹೊರತಾಗಿ ಕುದುರೆಯನ್ನು ಉಪಯೋಗಿಸಿದರೆ, ಎಷ್ಟೇ ಎಚ್ಚರದಿಂದ ಉಪಯೋಗಿಸಿದ್ದರೂ ಅದಕ್ಕಾದ ಅಪಾಯಕ್ಕೆ ಉಪಯೋಗಿಸಿದವನೇ ಹೊಣೆ.

೧೬೧ನೆಯ ಕಲಮು: ತನ್ನ ತಪ್ಪಿನಿಂದ ಸಕಾಲದಲ್ಲಿ ಹಿಂದಕ್ಕೆ ಕೊಡದವನು, ಅಂದಿನಿಂದ ಆಗುವ ನಷ್ಟಕ್ಕೆಲ್ಲ ಹೊಣೆಯಾಗುವನು.

೧೬೩ನೆಯ ಕಲಮು: ಬೇರೆ ಕರಾರಿಲ್ಲದಿದ್ದರೆ, ಕಾಪಾಡಲು ಒಪ್ಪಿಸಿದ ಹಸುವು ಹಾಕಿದ ಕರುವೂ ಹಸುವಿನ ಒಡೆಯನದೇ. ದನಗಳನ್ನು ಪಾಲಿಗೆ ಸಾಕಲು ಕೊಡುವ ನಮ್ಮ ರೈತರು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಕರುವಿನಲ್ಲಿ ಪಾಲುಂಟೆಂದು ಒಪ್ಪಿದ್ದರೆ ಅದನ್ನು ಮೊದಲೇ ಬರೆದಿಡುವುದು ಕ್ಷೇಮ.

೧೭೦ನೆಯ ಕಲಮು: ವಸ್ತುವಿನ ವಿಷಯದಲ್ಲಿ ಶ್ರಮವನ್ನಾಗಲಿ ಕೌಶಲವನ್ನಾಗಲಿ ವೆಚ್ಚಮಾಡಿ ಕೆಲಸವನ್ನು ಪೂರೈಸಿದವನು, ಬೇರೆ ಕರಾರಿಲ್ಲದಿದ್ದರೆ, ಕೂಲಿ ಬರುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಸಾಲಕ್ಕೆ ಅವಧಿ ಕೊಡಲು ಒಪ್ಪಿದ ದರ್ಜಿಗೆ ಈ ಹಕ್ಕಿಲ್ಲವೆಂದು ಅಲ್ಲಿಯ ನಿದರ್ಶನ. ಸ್ಥಳವನ್ನೂ ಮೇವನ್ನೂ ಮಾತ್ರ ಕೊಟ್ಟವನು ಈ ಕಲಮನ್ನು ನಂಬಿ ಪಶುವನ್ನು ಹಿಡಿದಿಡುವುದು ಕ್ಷೇಮಕರವಲ್ಲ.

ಇವೆಲ್ಲಕ್ಕೂ ಮಿಗಿಲಾಗಿ ೧೯೬೦ರ ಪ್ರಾಣಿಹಿಂಸೆ ನಿವಾರಣಾ ಕಾಯಿದೆಯ ೩ನೆಯ ಕಲಮಿನಂತೆ, ಪ್ರಾಣಿಯು ಯಾರ ವಶದಲ್ಲಿದೆಯೋ ಅವರು ಅದರ ಯೋಗಕ್ಷೇಮವನ್ನು ನೋಡಿಕೊಳ್ಳಲೇಬೇಕು. ಹಣ ಬರಲಿಲ್ಲವೆಂದು ಮೇವು ನಿಲ್ಲಿಸುವುದಕ್ಕೆ ಯಾವ ಕರಾರೂ ಅಧಿಕಾರ ಕೊಡಲಾರದು.

೬. ಪೂರ್ವಿಕರ ವಿಚಾರ

ಈ ವಿಷಯವು ನಮ್ಮವರಿಗೆ ಹೊಸದೇನಲ್ಲ. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದು. ಪಶುವಿನ ಒಡೆಯನಿಗೂ ಪಾಲಕನಿಗೂ ನಡೆಯುವ ವಿವಾದವೂ ಒಂದು. ಅದರಂತೆ ಹಗಲಿನ ಹೊಣೆ ಪಾಲಕನದು. ರಾತ್ರಿಯಲ್ಲಿ ಪಶುವು ಒಡೆಯನ ಮನೆಗೆ ಬಂದಿದ್ದರೆ ಹೊಣೆ ಒಡೆಯನದು. ಪಾಲಕನ ಅಲಕ್ಷ್ಯದಿಂದ ಪಶುವು ನಷ್ಟವಾದರೆ ಅವನೇ ತೆರಬೇಕು. ಕಳ್ಳರು ಬಲಾತ್ಕಾರದಿಂದ ಒಯ್ದಾಗ ಕೂಗಿ, ಸಕಾಲದಲ್ಲಿ ಒಡೆಯನಿಗೆ ತಿಳಿಸಿದ್ದರೆ ತೆರಬೇಕಾಗಿಲ್ಲ. ಪಶುವು ಯಾರ ವಶದಲ್ಲಿತ್ತು, ಅವನು ಎಚ್ಚರದಿಂದಿದ್ದನೆ, ಸಂಗತಿಯನ್ನು ತಿಳಿಸಿದನೆ ಎಂಬ ಮೂರು ಪ್ರಶ್ನೆಗಳೇ ಇಂದಿಗೂ ತೀರ್ಮಾನಕ್ಕೆ ಆಧಾರ.

೭. ಮೇವಿನ ವಿವಾದವನ್ನು ಪರೀಕ್ಷಿಸುವ ಕ್ರಮ

ಮೇವಿನ ವಿಷಯದಲ್ಲಿ ಬಾಯಿಮಾತಿನ ಸಾಕ್ಷ್ಯಕ್ಕಿಂತ ಲೆಕ್ಕವು ಮೇಲು. ಕುದುರೆಗೆ ದಿನಕ್ಕೆ ಅದರ ತೂಕದ ನೂರರಲ್ಲಿ ಒಂದೂವರೆಯಿಂದ ಎರಡು ಭಾಗದಷ್ಟು ಒಣ ಆಹಾರ ಬೇಕು. ೪೦೦ ಕಿಲೋಗ್ರಾಂ ತೂಕದ ಕುದುರೆಗೆ ಇದು ೬ರಿಂದ ೮ ಕಿಲೋಗ್ರಾಂ. ೭ ಕಿಲೋಗ್ರಾಮಿನಂತೆ ಹಿಡಿದರೂ ಐದು ಕುದುರೆಗಳಿಗೆ ೩೦ ದಿನಕ್ಕೆ ೧,೦೫೦ ಕಿಲೋಗ್ರಾಂ ಆಯಿತು. ಲಾಯದವನ ಖರೀದಿ ಚೀಟಿಗಳಲ್ಲಿ ಹುಲ್ಲು ಹುರುಳಿ ಎಲ್ಲ ಸೇರಿ ೬೦೦ ಕಿಲೋಗ್ರಾಂ ಮಾತ್ರ ಕಂಡುಬಂದು, ಹಿಂದಿನ ದಾಸ್ತಾನೂ ಹೊರಗಣ ಮೇವೂ ಇರದಿದ್ದರೆ, ಕುದುರೆಗಳು ಅರೆಹೊಟ್ಟೆಯಲ್ಲಿದ್ದುವೆಂಬುದು ಸ್ಪಷ್ಟ. ಲೆಕ್ಕವು ಸರಿಯಾಗಿದ್ದೂ ಪಶುವು ಬಡವಾಗಿದ್ದರೆ ಹಲ್ಲು, ಜಂತುಹುಳು, ಜಾಡ್ಯಗಳನ್ನು ಪಶುವೈದ್ಯರಿಂದ ಪರೀಕ್ಷಿಸಬೇಕು. ಲಾಯದವನನ್ನು ಸುಮ್ಮನೆ ದೂಷಿಸಲಾಗದು.

೮. ಗ್ರಾಮದ ಮುಖಂಡರಿಗೆ ಸೂಚನೆಗಳು

(ಅ) ಪಶುವನ್ನು ಒಪ್ಪಿಸುವಾಗಲೇ ಬರೆವಣಿಗೆಯ ಕರಾರಾಗಲಿ. ಅದರಲ್ಲಿ ಪಶುವಿನ ಗುರುತು, ಬೆಲೆ, ಸುಳಿ, ಗುಣದೋಷ, ಮೇವಿನ ತೂಕ, ಯಾವ ಹೊತ್ತಿನ ಕೆಲಸ ಯಾರದೆಂಬುದು, ಬಾಡಿಗೆ ಮತ್ತು ಅದನ್ನು ಏರಿಸುವುದಕ್ಕೆ ಕೊಡಬೇಕಾದ ವಾಯಿದೆ, ಲಾಳ ಕಟ್ಟಿಸುವ ಮತ್ತು ಔಷಧದ ಖರ್ಚು, ಒಡೆಯನು ಸಿಕ್ಕದಿದ್ದಾಗ ವೈದ್ಯರನ್ನು ಕರೆಯಿಸುವ ಅಧಿಕಾರ, ಬಿಡಿಸಿಕೊಂಡು ಹೋಗುವುದಕ್ಕೆ ಮುಂಚೆ ಕೊಡತಕ್ಕ ಸೂಚನೆ, ಇವಿಷ್ಟೂ ಇರಬೇಕು.

(ಆ) ವ್ಯಾಜ್ಯವು ಮುಂದೆ ಬಂದಾಗ ಮೊದಲು ವಿಚಾರಿಸತಕ್ಕದ್ದು ಹಣವನ್ನಲ್ಲ, ಪಶುವನ್ನು. ಅದಕ್ಕೆ ಅಂದಿನ ಮೇವು ನೀರು ಬಿದ್ದಿದೆಯೆ ಎಂದು ನೋಡಿ, ಇಲ್ಲದಿದ್ದರೆ ಹಾಕಿಸಿ, ಆಮೇಲೆ ಚಾವಡಿಯಲ್ಲಿ ಕುಳಿತುಕೊಳ್ಳಬೇಕು.

(ಇ) ಹಣದ ಪ್ರಶ್ನೆಯನ್ನೂ ಪಶುವಿನ ಪ್ರಶ್ನೆಯನ್ನೂ ಬೇರೆಬೇರೆಯಾಗಿ ಇಡಬೇಕು. ಒಡೆಯನು ಒಪ್ಪಿದ ಮೊತ್ತವನ್ನು ಕೂಡಲೆ ಕೊಡಲಿ. ಒಪ್ಪದ ಮೊತ್ತವನ್ನು ಇಬ್ಬರಿಗೂ ಸಮ್ಮತನಾದ ಮೂರನೆಯವನಲ್ಲಿ ಇರಿಸಿ ಪಶುವನ್ನು ಬಿಡಿಸಿಕೊಳ್ಳಲಿ. ದಿನ ಕಳೆದಂತೆಲ್ಲ ಮೇವಿನ ಖರ್ಚು ಬೆಳೆದು, ಕೊನೆಗೆ ಬಾಕಿಯೇ ಪಶುವಿನ ಬೆಲೆಯನ್ನು ಮೀರುವುದುಂಟು.

(ಈ) ರಾತ್ರಿಯ ವೇಳೆ ಬೀಗ ಮುರಿದು ಕುದುರೆಯನ್ನು ಒಯ್ಯುವುದು, ಬಾಕಿಗಾಗಿ ನೋಟೀಸಿಲ್ಲದೆ ಮಾರುವುದು, ಎರಡೂ ತಪ್ಪು. ನ್ಯಾಯವಾದ ಪಕ್ಷವೂ ಇದರಿಂದ ಅನ್ಯಾಯದ ಪಕ್ಷವಾಗುವುದು.

(ಉ) ಹೊಸ ಲಾಯಕ್ಕೆ ಸಾಗಿಸುವಾಗ ಹಳೆಯ ಮೇವನ್ನು ಸ್ವಲ್ಪ ಜೊತೆಗೆ ಕಳುಹಿಸಿ, ಏಳೆಂಟು ದಿನಗಳಲ್ಲಿ ಕ್ರಮವಾಗಿ ಬದಲಾಯಿಸಬೇಕು. ಒಮ್ಮೆಲೆ ಬದಲಾಯಿಸಿದರೆ ಹೊಟ್ಟೆಶೂಲೆ ಬರಬಹುದು. ಹೊಸದಾಗಿ ಬಂದ ಕುದುರೆಯನ್ನು ಕೆಲವು ದಿನ ಪ್ರತ್ಯೇಕವಾಗಿ ಕಟ್ಟತಕ್ಕದ್ದು. ಗ್ಲ್ಯಾಂಡರ್ಸ್ ಎಂಬ ಜಾಡ್ಯವು ಕುದುರೆಯಿಂದ ಮನುಷ್ಯನಿಗೂ ಅಂಟುವುದು. ಮೂಗಿನಿಂದ ಕೀವು ಸುರಿದು ಮೈಮೇಲೆ ಹುಣ್ಣುಗಳು ಕಂಡರೆ, ವ್ಯಾಜ್ಯವನ್ನು ಬದಿಗಿಟ್ಟು ಪಶುವೈದ್ಯರಿಗೆ ಕೂಡಲೆ ತಿಳಿಸಬೇಕು.

೯. ಸಾರಾಂಶ

ಲಾಯದವನಿಗೆ ತನ್ನ ಬಾಡಿಗೆ ಸಕಾಲದಲ್ಲಿ ಬರಬೇಕು. ಒಡೆಯನಿಗೆ ತನ್ನ ಪಶುವು ಕೊಟ್ಟಂತೆಯೇ ಮರಳಬೇಕು. ಇವೆರಡೂ ನ್ಯಾಯವಾದ ಬೇಡಿಕೆಗಳೇ. ಬಾಕಿಯನ್ನು ಮುಂದಿನ ತಿಂಗಳಲ್ಲಿಯೂ ವಸೂಲು ಮಾಡಬಹುದು, ನಷ್ಟವನ್ನು ಮುಂದಿನ ವರ್ಷದಲ್ಲಿಯೂ ತುಂಬಿಸಬಹುದು. ಹಸಿದ ಪಶುವಾದರೋ ನಾಳೆಯವರೆಗೂ ಕಾಯಲಾರದು. ಈ ಅರಿವಿನಿಂದ ಪಂಚಾಯತಿ ನಡೆಯಿಸಿದ ಊರಿನಲ್ಲಿ ಇಂಥ ವ್ಯಾಜ್ಯವು ಕಚೇರಿಯ ಮೆಟ್ಟಿಲನ್ನು ಹತ್ತುವುದು ವಿರಳ.