ನರ್ಸ್ ಹೇಳಿದ್ದು ಡಾಕ್ಟರಿಗೆ ಕೇಳಿಸಬೇಕಾದರೆ

ಪ್ರಶ್ನೆ: ನಾನು ನರ್ಸಿಂಗ್ ಬೋಧಕಿ. ಎಂಬಿಬಿಎಸ್ ವಿದ್ಯಾರ್ಥಿಗಳ ಜೊತೆ ನಮ್ಮ ಮಕ್ಕಳಿಗೂ ಸಿಮ್ಯುಲೇಷನ್ ಲ್ಯಾಬಿನಲ್ಲಿ ತರಬೇತಿ ಶುರುವಾಗಿದೆ. ಮೆಡಿಕಲ್ ಹುಡುಗರು ಆರ್ಡರ್ ಮಾಡುತ್ತಾರೆ, ನಮ್ಮವರು ಟ್ರೇ ಹಿಡಿದು ನಿಲ್ಲುತ್ತಾರೆ. ತಂಡವಾಗಿ ದುಡಿಯುವುದು ಇದರಿಂದ ಬಂದೀತೆ?
– ಓದುಗರು, ದಾವಣಗೆರೆ

ಉತ್ತರ: ಹೀಗೇ ನಡೆದರೆ ಬರುವುದಿಲ್ಲ. ವಾರ್ಡಿನ ಮೇಲು–ಕೀಳನ್ನೇ ಲ್ಯಾಬಿನಲ್ಲೂ ಅಭ್ಯಾಸ ಮಾಡಿಸಿದಂತಾಗುತ್ತದೆ, ಅಷ್ಟೇ.

2005ರಲ್ಲಿ ಇಂಗ್ಲೆಂಡಿನಲ್ಲಿ ಸೈನಸ್ ಆಪರೇಷನ್ನಿಗೆ ಬಂದ ಮಹಿಳೆಯೊಬ್ಬರಿಗೆ ಅರಿವಳಿಕೆ ಕೊಟ್ಟಾಗ ಉಸಿರಿನ ದಾರಿ ಕಟ್ಟಿಕೊಂಡಿತು. ಅನುಭವಿ ವೈದ್ಯರು ಗಂಟಲಿಗೆ ನಳಿಕೆ ಇಳಿಸಲು ಮತ್ತೆ ಮತ್ತೆ ಯತ್ನಿಸುತ್ತಲೇ ಇದ್ದರು. ಕುತ್ತಿಗೆಯಲ್ಲಿ ರಂಧ್ರ ಮಾಡುವ ಸೆಟ್ಟನ್ನು ನರ್ಸ್ ತಂದರು, ತಂದಿದ್ದೇನೆ ಎಂದೂ ಹೇಳಿದರು. ಅದನ್ನು ಯಾರೂ ಬಳಸಲಿಲ್ಲ. ಕೆಲ ದಿನಗಳಲ್ಲಿ ಆಕೆ ತೀರಿಕೊಂಡರು. ಪತಿ ಮಾರ್ಟಿನ್ ಬ್ರೊಮಿಲಿ ಪೈಲಟ್. ಕಾಕ್‌ಪಿಟ್ಟಿನಲ್ಲಿ ಕಿರಿಯರೂ ಬಾಯಿಬಿಟ್ಟು ಎಚ್ಚರಿಸುವಂಥ ತರಬೇತಿ ಆಸ್ಪತ್ರೆಗೂ ಬೇಕೆಂದು ಅವರು 2007ರಲ್ಲಿ ಸಂಘಟನೆಯನ್ನೇ ಕಟ್ಟಿದರು.

ಆದ್ದರಿಂದ ಮೊದಲು ಸನ್ನಿವೇಶ ಬದಲಿಸಿ. ಹೆರಿಗೆಯ ನಂತರದ ರಕ್ತಸ್ರಾವವನ್ನೇ ತೆಗೆದುಕೊಳ್ಳಿ. ಎಷ್ಟು ಪ್ಯಾಡ್ ನೆನೆದಿವೆ, ಗರ್ಭಕೋಶ ಮೆತ್ತಗಿದೆಯೇ ಎಂಬುದು ನಿಮ್ಮ ವಿದ್ಯಾರ್ಥಿನಿಗಷ್ಟೇ ಗೊತ್ತಿರಲಿ. ಅವಳನ್ನು ಕೇಳದ ಡಾಕ್ಟರಿಗೆ ದಾರಿ ಸಿಗಬಾರದು. 'ಯಾರಾದರೂ ಆಕ್ಸಿಟೋಸಿನ್ ಕೊಡಿ' ಎಂದರೆ ನಡೆಯದು. ಹೆಸರು ಹಿಡಿದು ಹೇಳಲಿ, ಪ್ರಮಾಣ ಹೇಳಲಿ. ಅವಳು '10 ಯೂನಿಟ್, ಐಎಂ' ಎಂದು ತಿರುಗಿ ಹೇಳಲಿ, ಚುಚ್ಚಿದ ಮೇಲೆ 'ಕೊಟ್ಟಾಯ್ತು' ಎನ್ನಲಿ. 'ಸರ್, ನನಗೆ ಆತಂಕ ಆಗ್ತಿದೆ, ಇದು ಸುರಕ್ಷಿತ ಅಲ್ಲ' ಎಂಬ ಮಾತನ್ನು ಗಟ್ಟಿಯಾಗಿ ಹೇಳಿ ರೂಢಿಯಾಗಬೇಕು. ನಮ್ಮ ಹೆಣ್ಣುಮಕ್ಕಳಿಗೆ ಇಂಜೆಕ್ಷನ್ನಿಗಿಂತ ಕಷ್ಟವಾದದ್ದು ಇದೇ.

ಕಲಿಕೆಯ ಬಹುಪಾಲು ಆಗುವುದು ನಂತರದ ಚರ್ಚೆಯಲ್ಲಿ. ಅದನ್ನು ಮೆಡಿಕಲ್ ಬೋಧಕರ ಪಕ್ಕದಲ್ಲಿ ಕುಳಿತು ನೀವೂ ನಡೆಸಬೇಕು. 'ಯಾಕೆ ಹೇಳಲಿಲ್ಲ?' ಎಂದು ಅವಳನ್ನು ಗದರಿಸಬೇಡಿ. 'ಅವಳು ಹೇಳಿದ್ದು ನಿನಗೆ ಕೇಳಿಸಿತೇ?' ಎಂದು ಅವನನ್ನು ಕೇಳಿ.

ಪ್ರಶ್ನೆ: ದುಬಾರಿ ಮ್ಯಾನಿಕಿನ್ ಇಲ್ಲದ ಕಾಲೇಜು ಏನು ಮಾಡಬೇಕು?
– ವೈದ್ಯಕೀಯ ವಿದ್ಯಾರ್ಥಿ, ಕಲಬುರಗಿ

ಉತ್ತರ: ತಂಡದ ಪಾಠಕ್ಕೆ ಅದು ಬೇಕಿಲ್ಲ. ಮಂಚದ ಮೇಲೆ ಒಬ್ಬ ಸಹಪಾಠಿ, ಕೆಂಪು ಬಣ್ಣದ ನೀರು, ಒಂದು ಗಡಿಯಾರ ಸಾಕು. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದ 'ಎಟ್‌ಕಾಮ್' (ವರ್ತನೆ, ನೀತಿ, ಸಂವಹನ) ಭಾಗದಲ್ಲಿ ಆರೋಗ್ಯ ತಂಡದೊಡನೆ ಕೆಲಸ ಮಾಡುವ ಪಾಠ ಇದ್ದೇ ಇದೆ. ಪ್ರಾಂಶುಪಾಲರೇ, ಆ ತರಗತಿಗೆ ಪಕ್ಕದ ನರ್ಸಿಂಗ್ ಕಾಲೇಜಿನವರನ್ನೂ ಕರೆಯಿರಿ.