ದತ್ತು ನಾಯಿಯ ಖರ್ಚು ಯಾರ ಲೆಕ್ಕಕ್ಕೆ?

ಆಶ್ರಯವಿಲ್ಲದ ನಾಯಿಯನ್ನೋ ಬೆಕ್ಕನ್ನೋ ಮನೆಗೆ ತಂದು ಅದರ ಜೀವಮಾನದ ಹೊಣೆ ಹೊರುವುದಕ್ಕೆ ದತ್ತು ಎಂದು ಹೆಸರು. ದಾವಣಗೆರೆ, ಹರಿಹರಗಳಲ್ಲಿ ಇದನ್ನು ಪುಕ್ಕಟೆ ವ್ಯವಹಾರವೆಂದು ತಿಳಿದವರು ಕಡಿಮೆಯಿಲ್ಲ. ಜಾತಿನಾಯಿಗೆ ಸಾವಿರಾರು ರೂಪಾಯಿ ತೆರುವ ಬದಲು ಓಣಿಯ ಮರಿಯನ್ನು ಎತ್ತಿಕೊಂಡರೆ ಅಷ್ಟೂ ಹಣ ಉಳಿಯಿತೆನ್ನುವ ಈ ಎಣಿಕೆಯಲ್ಲಿ ತರುವ ಬೆಲೆ ಸೇರಿರುತ್ತದೆಯೇ ಹೊರತು ಸಾಕುವ ವೆಚ್ಚವಲ್ಲ.

ಪ್ರಾಣಿಗಳ ಸಂತಾನ ನಿಯಂತ್ರಣಕ್ಕೆಂದು ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿದ ನಿಯಮಗಳು ಬೀದಿಯ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಲಸಿಕೆ ಹಾಕಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೂ, ಸಾಕಿದ ಪ್ರಾಣಿಯ ಜಂತುನಾಶಕ, ಲಸಿಕೆ, ಸಂತಾನಹರಣ ಚಿಕಿತ್ಸೆಗಳ ಹೊಣೆಯನ್ನು ಅದರ ಮಾಲೀಕನಿಗೂ ವಹಿಸಿವೆ. ಹೀಗಾಗಿ ಮರಿ ಹೊಸ್ತಿಲು ದಾಟಿದ ಗಳಿಗೆಯಲ್ಲೇ ಅದರ ಖರ್ಚು ಪಾಲಿಕೆಯ ಬಾಬ್ತಿನಿಂದ ಮನೆಯ ಬಾಬ್ತಿಗೆ ವರ್ಗವಾಗುತ್ತದೆ. ಖರ್ಚಿನ ಜೊತೆಗೆ ಕಾನೂನಿನ ಹೊಣೆಯೂ ಬರುತ್ತದೆ: ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಆರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ.

ಮನೆಯ ಅನ್ನದ ಜೊತೆಗೆ ಮೊಟ್ಟೆ, ಅಷ್ಟಿಷ್ಟು ಮಾಂಸ ಸೇರಿ ದಿನಕ್ಕೆ 40 ರೂಪಾಯಿ ತಗಲುತ್ತದೆಂದು ಹಿಡಿದರೆ ವರ್ಷಕ್ಕೆ 14,600 ರೂಪಾಯಿಯಾಗುತ್ತದೆ. ನಾಯಿ ಹನ್ನೆರಡು ವರ್ಷ ಬಾಳಿದರೆ, ಬೆಲೆ ಏರಿಕೆಯನ್ನು ಬಿಟ್ಟರೂ, ಮೊತ್ತ 1,75,200 ರೂಪಾಯಿಗೆ ಮುಟ್ಟುತ್ತದೆ. ಇದರ ಮುಂದೆ ಜಾತಿನಾಯಿಯ ಬೆಲೆಯೂ ಸಣ್ಣದೇ. ಆದರೂ ನಾಡತಳಿಯ ಪರವಾಗಿ ವಾದಿಸಲು ಗಟ್ಟಿ ಕಾರಣವಿದೆ. ದಾವಣಗೆರೆಯ ಬೇಸಿಗೆಯನ್ನು ಅದು ನೆರಳಿನಲ್ಲೇ ಕಳೆಯಬಲ್ಲದು, ಹಿಮನಾಡಿನ ಹಸ್ಕಿಗೆ ಕೂಲರು ಬೇಕಾಗುತ್ತದೆ, ಬೆಸ್ಕಾಂ ವಿದ್ಯುತ್ ಬಿಲ್ಲನ್ನು ಯಾರೂ ನಾಯಿಯ ಖಾತೆಗೆ ಬರೆಯುವುದಿಲ್ಲವಷ್ಟೆ. ಈ ಅಂಕಣಕಾರರ ಮನೆಯ ಜಮಾಖರ್ಚಿನಲ್ಲಿ ಅಂದಾಜನ್ನು ಮೀರಿದ್ದು ಊಟವೂ ಅಲ್ಲ, ಔಷಧಿಯೂ ಅಲ್ಲ; ಮದುವೆ, ಜಾತ್ರೆಗಳಿಗೆ ಮನೆಮಂದಿಯೆಲ್ಲ ಹೊರಟಾಗ ನಾಯಿಯನ್ನು ನೋಡಿಕೊಂಡವರಿಗೆ ಕೊಟ್ಟ ಹಣ. ತಿಂಗಳಿಗೆ 300 ರೂಪಾಯಿಯ ಆರ್‌ಡಿ, ಅಂದರೆ ಪ್ರತಿ ತಿಂಗಳು ನಿಗದಿತ ಮೊತ್ತ ಕಟ್ಟುವ ಆವರ್ತ ಠೇವಣಿಯನ್ನು ಪ್ರಾಣಿಗೆಂದೇ ಎತ್ತಿಟ್ಟರೆ ವರ್ಷಕ್ಕೆ ಬಡ್ಡಿ ಬಿಟ್ಟು 3,600 ರೂಪಾಯಿ ಕೂಡುತ್ತದೆ, ಲಸಿಕೆ ಮತ್ತು ಸಣ್ಣಪುಟ್ಟ ಚಿಕಿತ್ಸೆಗೆ ಸಾಲ ಎತ್ತುವ ಪ್ರಮೇಯ ಬಾರದು.

ದತ್ತು ಪಡೆಯುವ ಜಾಗಕ್ಕೆ ಸಂಬಂಧಿಸಿದಂತೆ, ಆಸಕ್ತರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಹಾಗೆ ಪಡೆದ ನಾಯಿ ಮರಳಿ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಅವರದೇ ಹೊಣೆಯೆಂದೂ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಆ ಸಂಸ್ಥೆ ದಾವಣಗೆರೆಯಲ್ಲಿ ಮಹಾನಗರ ಪಾಲಿಕೆ, ಹರಿಹರದಲ್ಲಿ ನಗರಸಭೆ. ಓಣಿಯಿಂದಲೇ ಮರಿ ತರುವವರು ಎಂಟು ವಾರ ತುಂಬುವವರೆಗೆ ಅದನ್ನು ತಾಯಿಯ ಬಳಿಯೇ ಬಿಡುವುದು ಮೇಲು, ಮಾರಾಟದ ಮರಿಗೂ ನಾಯಿ ಸಾಕಣೆ ಮತ್ತು ಮಾರಾಟ ಕುರಿತ 2017ರ ನಿಯಮಗಳು ಇದೇ ಗಡುವನ್ನು ಹಾಕಿವೆ. ಮರಿಯನ್ನು ಮೊದಲು ಒಯ್ಯಬೇಕಾದದ್ದು ಸರ್ಕಾರಿ ಪಶು ಆಸ್ಪತ್ರೆಗೆ. ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ಸೋಂಕುಗಳ ಲಸಿಕೆ ಎಳವೆಯಲ್ಲೇ ಆರಂಭವಾಗಬೇಕು, ರೇಬೀಸ್ ಲಸಿಕೆ ಮೂರು ತಿಂಗಳ ವಯಸ್ಸಿಗೆ ಬೀಳಬೇಕು. ಪಂಜರದ ದೇಶಿ ಗಿಳಿ, ನಕ್ಷತ್ರ ಆಮೆಗಳು ಅಗ್ಗಕ್ಕೆ ಸಿಕ್ಕರೂ ತರುವಂತಿಲ್ಲ, ಅವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಓದಿಗೆಂದು ದಾವಣಗೆರೆಗೆ ಬಂದು ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗಳಿಗೆ ಈ ದತ್ತು ಸಲ್ಲದು. ಕೋರ್ಸು ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ, ನಾಯಿಯ ಆಯುಸ್ಸು ಮುಗಿಯುವುದಿಲ್ಲ. ಅಂಥವರು ಕೋಣೆಯವರೆಲ್ಲ ಸೇರಿ ಚಂದಾ ಎತ್ತಿ ಓಣಿಯ ಒಂದು ಹೆಣ್ಣುನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ, ಅಷ್ಟೇ ಹಣದಲ್ಲಿ ಮುಂದಿನ ಹಲವು ಮರಿಗಳಿಗೆ ಮನೆ ಹುಡುಕುವ ಕೆಲಸವೇ ತಪ್ಪುತ್ತದೆ.