ರೋಗಿಯ ಮಂಚದ ಬಳಿಯಲ್ಲಿ

ನಮ್ಮ ಶಾಲೆಯಲ್ಲಿ ಸತ್ಯವೇದದ ಪಾಠಗಳನ್ನು ಕೇಳಿದ ಹೆಣ್ಣುಮಕ್ಕಳು ಇಂದು ತಾಯಂದಿರಾಗಿಯೂ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ನಾನಾ ಊರುಗಳಲ್ಲಿ ಇದ್ದಾರೆ. ಅವರಲ್ಲಿ ರೋಗಿಯೊಬ್ಬರ ಮಂಚದ ಬಳಿಯಲ್ಲಿ ಒಂದು ರಾತ್ರಿಯಾದರೂ ಎಚ್ಚರವಾಗಿ ಕಳೆಯದವರು ವಿರಳ. ಅಂಥ ಹೊತ್ತಿನಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂಬದನ್ನು ಸತ್ಯವೇದದಿಂದಲೇ ಕಲಿತುಕೊಳ್ಳುವದು ಈ ಪಾಠದ ಉದ್ದೇಶವಾಗಿದೆ.

ಮೊದಲು ಯೋಬನ ಗ್ರಂಥವನ್ನು ತೆರೆಯೋಣ. ಆಸ್ತಿಯನ್ನೂ ಮಕ್ಕಳನ್ನೂ ಕಳೆದುಕೊಂಡು, ಮೈಯೆಲ್ಲಾ ಕುರುಗಳೆದ್ದು ಬೂದಿಯಲ್ಲಿ ಕೂತಿದ್ದ ಆತನನ್ನು ನೋಡುವದಕ್ಕೆ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಬಂದರು. ಏಳು ದಿನ ಹಗಲೂ ರಾತ್ರಿಯೂ ಆತನ ಸಂಗಡ ನೆಲದ ಮೇಲೆ ಕೂತರು. ಯಾರೂ ಬಾಯಿ ತೆರೆಯಲಿಲ್ಲ. ಅವರು ಮಾಡಿದ ಕಾರ್ಯಗಳಲ್ಲಿ ಇದೇ ಉತ್ತಮವಾದದ್ದು. ತರುವಾಯ ಮಾತಾಡಲಾರಂಭಿಸಿ, ಯೋಬನು ಗುಪ್ತವಾಗಿ ಪಾಪಮಾಡಿರಬೇಕೆಂದೂ ಆದಕಾರಣವೇ ಈ ವಿಪತ್ತು ಒದಗಿತೆಂದೂ ವಾದಿಸಿದರು. ಅವರ ಮಾತುಗಳಲ್ಲಿ ಭಕ್ತಿಯ ಪದಗಳಿಗೆ ಕೊರತೆಯಿರಲಿಲ್ಲ. ಆದರೂ ಕಡೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಅವರೇ. ತನ್ನ ದುಃಖವನ್ನು ಮುಚ್ಚುಮರೆಯಿಲ್ಲದೆ ದೇವರೊಡನೆ ತೋಡಿಕೊಂಡ ಯೋಬನಲ್ಲ. ಅವರಿಗೋಸ್ಕರ ಪ್ರಾರ್ಥಿಸುವ ಕೆಲಸವೂ ಯೋಬನ ಪಾಲಿಗೇ ಬಂತು.

ಈ ತಪ್ಪನ್ನು ನಾವೂ ಮಾಡಿದ್ದುಂಟು. ಬಹುಕಾಲದಿಂದ ಹಾಸಿಗೆ ಹಿಡಿದಿದ್ದ ಒಬ್ಬ ತಾಯಿಯನ್ನು ನೋಡಹೋದಾಗ, "ನಂಬಿಕೆಯನ್ನು ಇನ್ನೂ ಬಲಪಡಿಸಿಕೊಳ್ಳಿರಮ್ಮಾ, ದೇವರು ಖಂಡಿತವಾಗಿ ಗುಣಪಡಿಸುವನು" ಎಂದೆವು. ಆಕೆ ಉತ್ತರಕೊಡದೆ ಗೋಡೆಯ ಕಡೆಗೆ ಮಗ್ಗುಲಾದಳು. ಧೈರ್ಯಕೊಡಹೋಗಿ, ರೋಗದ ಭಾರದ ಮೇಲೆ ಅಪರಾಧದ ಭಾರವನ್ನೂ ಹೊರಿಸಿ ಬಂದೆವೆಂಬದು ಮನೆಗೆ ಬಂದ ಮೇಲೆ ತಿಳಿಯಿತು. ಮರುವಾರ ಗಂಜಿಯ ಪಾತ್ರೆಯೊಂದಿಗೆ ಹೋಗಿ ಕ್ಷಮೆ ಬೇಡಿದೆವು. "ಸುಮ್ಮನೆ ಹತ್ತಿರ ಕೂತುಕೊಳ್ಳಿರಿ, ಅಷ್ಟೇ ಸಾಕು" ಅಂದಳು.

ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಇದೇ ದಾರಿಯಲ್ಲಿ ಯೋಚಿಸಿ, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದ್ದನ್ನು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಓದುತ್ತೇವೆ. ಕರ್ತನು ಆ ಎರಡನ್ನೂ ನಿರಾಕರಿಸಿ, ಆ ಮನುಷ್ಯನ ಕಣ್ಣುಗಳನ್ನು ತೆರೆದನು. ಹೀಗಿದ್ದರೂ ಕುಷ್ಠವೂ ಕ್ಷಯವೂ ಶಾಪದ ಫಲಗಳೆಂಬ ಮಾತು ಬಹುಕಾಲ ನಿಂತಿತು. 1873ರಲ್ಲಿ ಹ್ಯಾನ್ಸನ್ ಎಂಬ ನಾರ್ವೆ ದೇಶದ ವೈದ್ಯನು ಕುಷ್ಠದ ಕ್ರಿಮಿಯನ್ನೂ, 1882ರಲ್ಲಿ ಜರ್ಮನಿಯ ಕೋಖ್ ಎಂಬಾತನು ಕ್ಷಯದ ಕ್ರಿಮಿಯನ್ನೂ ಕಂಡುಹಿಡಿದರು. ಈಗ ಎರಡೂ ಔಷಧದಿಂದ ಗುಣವಾಗುವ ರೋಗಗಳೇ.

ನಂಬುವವರು ಔಷಧವನ್ನು ಸೇವಿಸಬಹುದೋ ಎಂದು ಕೆಲವರು ಸಂಶಯಪಡುತ್ತಾರೆ. ಅರಸನಾದ ಹಿಜ್ಕೀಯನು ರೋಗದಲ್ಲಿದ್ದಾಗ ಆತನು ಬದುಕುವನೆಂಬ ವಾಗ್ದಾನವನ್ನು ತಂದ ಪ್ರವಾದಿಯಾದ ಯೆಶಾಯನೇ, ಅಂಜೂರದ ಹಣ್ಣುಗಳನ್ನು ಅರೆದು ಹುಣ್ಣಿನ ಮೇಲೆ ಕಟ್ಟಬೇಕೆಂದು ಹೇಳಿದನು. ದಯಾಳುವಾದ ಸಮಾರ್ಯದವನು ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದನು. ಪ್ರಾರ್ಥನೆಯೂ ಚಿಕಿತ್ಸೆಯೂ ಒಂದಕ್ಕೊಂದು ವಿರೋಧವಲ್ಲ.

ಆದರೆ ಎರಡೂ ಇದ್ದು ರೋಗವು ಗುಣವಾಗದೆ ಹೋದರೆ? ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿದ್ದ ಮುಳ್ಳಿನ ವಿಷಯವಾಗಿ ಮೂರು ಸಾರಿ ಬೇಡಿಕೊಂಡನು. ಅದು ತೆಗೆಯಲ್ಪಡಲಿಲ್ಲ, ಅದನ್ನು ಹೊರುವದಕ್ಕೆ ತಕ್ಕ ಕೃಪೆಯು ದೊರೆಯಿತು. ಆತನಿಗೆ ನಂಬಿಕೆ ಸಾಲದೆಂದು ಹೇಳುವವರು ಯಾರು?

ನಮ್ಮ ದೇಶದಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ವೇಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಮೇರಿ ವರ್ಗೀಸ್ ಎಂಬ ಯುವತಿ ವೈದ್ಯೆಯಾಗಿದ್ದಳು. 1954ರಲ್ಲಿ ವಾಹನದ ಅಪಘಾತದಲ್ಲಿ ಆಕೆಯ ಬೆನ್ನೆಲುಬು ಮುರಿದು, ಸೊಂಟದಿಂದ ಕೆಳಗಿನ ಭಾಗವು ನಿಶ್ಚೇಷ್ಟಿತವಾಯಿತು. ಆಕೆ ಮತ್ತೆ ನಡೆಯಲಿಲ್ಲ. ಆದರೆ ಡಾಕ್ಟರ್ ಪಾಲ್ ಬ್ರ್ಯಾಂಡರ ಪ್ರೋತ್ಸಾಹದಿಂದ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುವದನ್ನು ಕಲಿತಳು. ಮುಂದೆ ನ್ಯೂಯಾರ್ಕಿನಲ್ಲಿ ವಿಶೇಷ ಶಿಕ್ಷಣ ಪಡೆದು ಬಂದು, ಅಂಗವೈಕಲ್ಯ ಹೊಂದಿದವರು ತಿರಿಗಿ ಸ್ವಾವಲಂಬಿಗಳಾಗಿ ಬಾಳುವದಕ್ಕೆ ಬೇಕಾದ ಚಿಕಿತ್ಸೆಯನ್ನು ವೇಲೂರಿನಲ್ಲಿ ಬೆಳೆಸಿದಳು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಆಕೆಗೆ ದೊರೆಯಿತು. ಬ್ರ್ಯಾಂಡರು ಆಕೆಗೆ ಕೊಟ್ಟ ಧೈರ್ಯವು ಬರಿಯ ಮಾತಲ್ಲ, ಮಾಡತಕ್ಕ ಒಂದು ಕೆಲಸವಾಗಿತ್ತೆಂಬದನ್ನು ಗಮನಿಸಬೇಕು.

ಪ್ರಿಯ ಸಹೋದರಿಯರೇ, ರೋಗಿಯನ್ನು ನೋಡಹೋಗುವಾಗ ಕಾರಣವನ್ನು ಹುಡುಕುವದು ಬೇಡ. ಬೇರೆಯವರಿಗೆ ಇದೇ ರೋಗದಿಂದ ಏನಾಯಿತೆಂಬ ಕಥೆಗಳೂ ಬೇಡ. ಅವರು ಅಳುವದಾದರೆ ಅಳಲಿ. ದೇವರ ಮೇಲೆ ಗೊಣಗಿದರೂ ಗದರಿಸಬೇಡಿರಿ. ಯೋಬನ ಗೊಣಗುವಿಕೆಯನ್ನು ದೇವರು ತಾಳಿದನಲ್ಲವೇ? ಪ್ರಾರ್ಥನೆ ಚಿಕ್ಕದಾಗಿರಲಿ, ಅವರನ್ನು ಕೇಳಿಯೇ ಮಾಡಿರಿ. ಹಗಲೂ ರಾತ್ರಿಯೂ ಶುಶ್ರೂಷೆ ಮಾಡುತ್ತಿರುವ ಮನೆಯವರನ್ನು ಮರೆಯಬೇಡಿರಿ. ಅವರು ಎರಡು ಗಂಟೆ ಮಲಗುವಂತೆ ಅವರ ಸ್ಥಳದಲ್ಲಿ ಕೂತುಕೊಳ್ಳಿರಿ. ಮೊದಲನೆಯ ವಾರದಲ್ಲಿ ಬರುವವರು ಅನೇಕರು, ಆರನೆಯ ತಿಂಗಳಲ್ಲಿ ಬರುವವರು ಕೆಲವರೇ. ಆ ಕೆಲವರಲ್ಲಿ ನೀವು ಸೇರಿರಿ.

ರೋಗಿಗಳನ್ನು ಕಂಡು ಹೋದವರು ತನ್ನನ್ನೇ ಕಂಡರೆಂದು ಎಣಿಸುವ ಕರ್ತನು, ನಿಮ್ಮ ಸಂಗಡ ಆ ಮಂಚದ ಬಳಿಯಲ್ಲಿರಲಿ.